ಕಾಯಿ ಒಡೆಯುವ ಮುಂಚೆ

ನಮ್ಮೂರಿಗೆ ಇವತ್ತಿನವರೆಗೂ ರೈಲು ಬಂದಿಲ್ಲ. ಬಂದಿರುವುದು ಅದರ ಎರಡು ಮೊಳ ಕಂಬಿ ಮಾತ್ರ. ಶಾಲೆಯ ಮುಂದಿನ ಬೇವಿನ ಮರಕ್ಕೆ ದಪ್ಪ ತಂತಿಯಲ್ಲಿ ತೂಗುಬಿದ್ದಿರುವ ಆ ತುಂಡು ದಿನಕ್ಕೆ ಏಳೆಂಟು ಸಲ ಏಟು ತಿಂದು ಊರಿಗೆಲ್ಲ ಹೊತ್ತು ಹೇಳುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು "ಊಟದ ಬೆಲ್ಲಾತು, ಏಳ್ರೇ" ಎಂದು ಸೊಂಟ ನೆಟ್ಟಗೆ ಮಾಡುವುದು ಇದರ ಲೆಕ್ಕದ ಮೇಲೆಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಪೇಟೆಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಆದರೂ ಈ ಸೀಮೆಯ ಹಳೆಯ ಶಾಲೆಗಳಲ್ಲಿ ಇಂಥ ಕಂಬಿಗಳು ತೂಗುತ್ತಿದ್ದವು. ಎಲ್ಲಿಂದ ಬಂತು ಎಂದು ನಮ್ಮಜ್ಜನನ್ನು ಕೇಳಿದ್ದೆ. "ದಾವಣಗೆರೆ ಸಂತಿಗೆ ಹೋದೋರು ಯಾರೋ ಗಾಡ್ಯಾಗೆ ಹಾಕ್ಕೊಂಡು ಬಂದ್ರಪ್ಪ" ಎಂದು ಮಾತು ತೇಲಿಸಿದ. ಕೊಂಡದ್ದೋ, ಕೇಳಿ ತಂದದ್ದೋ, ಕೇಳದೆ ತಂದದ್ದೋ, ಅಂತೂ ಶಾಲೆಗೆ ಊರಿನವರು ಕೊಟ್ಟ ಮೊದಲ ಕೊಡುಗೆ ಅದು. 'ಸಮುದಾಯದ ಸಹಭಾಗಿತ್ವ' ಎಂಬ ಮಾತು ನಮ್ಮ ಕಡೆ ಇನ್ನೂ ಕಾಲಿಟ್ಟಿರಲಿಲ್ಲ.

ರೈಲಿನ ಮಾತು ಬಂತಲ್ಲ, ಈಚೆಗೆ ಶಾಲೆಯ ಗೋಡೆಗೆ ರೈಲು ಡಬ್ಬಿಯ ಬಣ್ಣ ಬಳಿಯುವ ಖಯಾಲಿ ನಾಡಿನ ತುಂಬ ಹಬ್ಬಿದೆ. ತರಗತಿಗಳೆಲ್ಲ ಬೋಗಿಗಳು, ಹೆಡ್ ಮೇಷ್ಟ್ರ ಕೋಣೆ ಎಂಜಿನ್ನು. ಎಂಜಿನ್ನು ಎಷ್ಟು ಎಳೆಯುತ್ತದೆ ಎಂಬುದು ಊರೂರಿನ ಪುಣ್ಯ. ರೈಲನ್ನೇ ಕಾಣದ ಮಕ್ಕಳು ಆ ಬಾಗಿಲಲ್ಲಿ ನಿಂತು ಕೈ ಬೀಸುವುದನ್ನು ನೋಡಿದಾಗ ನನಗೆ ತೊತ್ತೊ-ಚಾನ್ ನೆನಪಾಗುತ್ತಾಳೆ. ಟೋಕಿಯೋದಲ್ಲಿ ಕೊಬಾಯಾಶಿ ಎಂಬ ಮೇಷ್ಟ್ರು 1937ರಲ್ಲಿ ಶುರುಮಾಡಿದ ತೊಮೊಯೆ ಶಾಲೆಯಲ್ಲಿ ತರಗತಿಗಳೆಂದರೆ ನಿಜವಾದ ಹಳೆಯ ರೈಲು ಡಬ್ಬಿಗಳೇ. ಇನ್ನೊಂದು ಡಬ್ಬಿ ಬರುತ್ತದೆಂದು ಗೊತ್ತಾದಾಗ ಮಕ್ಕಳು, ರಸ್ತೆಯ ಮೇಲೆ ಅದು ಹೇಗೆ ಬರುತ್ತದೋ ನಾವು ನೋಡಲೇಬೇಕು ಎಂದು ಹಟ ಹಿಡಿದರು. ಮೇಷ್ಟ್ರು ಬೇಡ ಎನ್ನಲಿಲ್ಲ. ಹಾಸಿಗೆ ಹೊದಿಕೆ ತಂದು ಮಕ್ಕಳೆಲ್ಲ ಆ ರಾತ್ರಿ ಶಾಲೆಯಲ್ಲೇ ಮಲಗಿ, ಬೆಳಗಿನ ಜಾವ ಎದ್ದು ತಮ್ಮ ಹೊಸ ತರಗತಿ ಬರುವುದನ್ನು ಕಣ್ಣಾರೆ ಕಂಡರು. 1945ರ ಬಾಂಬು ದಾಳಿಯಲ್ಲಿ ಆ ಶಾಲೆ ಸುಟ್ಟುಹೋಯಿತು. ಡಬ್ಬಿ ಸುಟ್ಟರೂ ಆ ಬೆಳಗಿನ ಜಾವ ಸುಡಲಿಲ್ಲ. ಅಲ್ಲಿ ಕಲಿತ ತೊತ್ತೊ-ಚಾನ್ ಎಂಬ ಹುಡುಗಿಯೇ ದೊಡ್ಡವಳಾಗಿ ಬರೆದ ಪುಸ್ತಕ ಕನ್ನಡಕ್ಕೂ ಬಂತು. ನಮ್ಮಲ್ಲಿ ಶಾಲೆಯ ಕಟ್ಟಡ ಏಳುವಾಗ ಮಕ್ಕಳಿಗೆ ಹೇಳುವ ಮಾತು ಒಂದೇ: "ಮರಳಿನ ಮೇಲೆ ಆಡಬೇಡ್ರೋ!"

ಬಣ್ಣದಿಂದ ಬೋರ್ಡಿಗೆ ಬರೋಣ. ನಾನು ಒಂದನೇ ಕ್ಲಾಸಿಗೆ ಸೇರಿದಾಗ ನಮ್ಮ ಶಾಲೆಯ ಬೋರ್ಡಿನಲ್ಲಿ 'ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ' ಎಂದಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು, ಹೀಗೆ ಬೇರೆ ಬೇರೆ ಮನೆಯ ಸೊಸೆಯಂದಿರು ಒಂದೇ ಅಡುಗೆಮನೆಗೆ ಬಂದರು. ಪೇಂಟರು ಬಂದು 'ಶಿವಮೊಗ್ಗ' ಅಳಿಸಿ 'ದಾವಣಗೆರೆ' ಬರೆದ. ಇಪ್ಪತ್ತು ವರ್ಷದ ಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಪೇಂಟರ ಮಗ ಬಂದು 'ಹೊನ್ನಾಳಿ' ಅಳಿಸಿ 'ನ್ಯಾಮತಿ' ಬರೆದ. ಶಾಲೆ ಇದ್ದಲ್ಲಿಯೇ ಇದೆ. ಸೋರುವ ಜಾಗವೂ ಅದೇ. ನಮ್ಮೂರಲ್ಲಿ ತಂದೆ ಮಕ್ಕಳು ಎರಡು ತಲೆಮಾರು ಶಾಲೆಯಿಂದ ಅನ್ನ ಕಂಡದ್ದೆಂದರೆ ಆ ಪೇಂಟರ ಮನೆಯವರು.

ಊರಿನವರು ಶಾಲೆ ಕಟ್ಟುವುದು ಹೊಸ ಸಂಗತಿ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಬಿ. ಎಲ್. ರೈಸ್ ನೆನಪಾಗುತ್ತಾರೆ. ರೈಸ್ ಎಂದರೆ ನಮಗೆಲ್ಲ ಶಾಸನಗಳ ರೈಸ್. ಬೆಂಗಳೂರಿನಲ್ಲಿಯೇ ಹುಟ್ಟಿದವರು. ಶಾಸನಗಳ ಕೆಲಸಕ್ಕೂ ಮೊದಲು ಅವರು ಮೈಸೂರು ಸೀಮೆಯ ವಿದ್ಯಾ ಇಲಾಖೆಯ ಮುಖ್ಯಸ್ಥರು. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಹಾಕಿದವರು ಅವರೇ. ಹೋಬಳಿಗೊಂದು ಶಾಲೆ, ಮೇಷ್ಟ್ರು ಸರ್ಕಾರದವರು. ಆದರೆ ಶಾಲೆ ನಡೆಸಲು ಮನೆ ಮಾತ್ರ ಊರಿನವರು ಒದಗಿಸಬೇಕು. 150 ವರ್ಷದ ಹಿಂದಿನ ಕಾನೂನು ನೋಡಿ: ಮನೆ ಕೊಡಿ, ಮೇಷ್ಟ್ರನ್ನು ಕೊಡುತ್ತೇವೆ. ಆಗ ದೇವಸ್ಥಾನದ ಪೌಳಿ, ಮಠದ ಪಡಸಾಲೆ, ಗೌಡರ ಮನೆಯ ಕಟ್ಟೆ ಇವೆಲ್ಲ ಶಾಲೆಗಳಾದವು. ಸುಣ್ಣ ಬಳಿದದ್ದು, ಸೆಗಣಿ ಸಾರಿಸಿದ್ದು ಊರೇ. ಆಮೇಲೆ ಅದೇ ರೈಸ್ ಸಾಹೇಬರು ಊರೂರಿನ ಕಲ್ಲು ಓದಿಸಿದರು. ಹೊನ್ನಾಳಿ, ಚನ್ನಗಿರಿಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿವೆ, ಜಗಳೂರಿನವು 11ನೆಯದರಲ್ಲಿ. ಆ 7ನೆಯ ಸಂಪುಟದಲ್ಲಿಯೇ ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವೂ ಇದೆ. ಅಲ್ಲಿ ಓದೂ ಇತ್ತು, ಹಸಿದು ಬಂದವರಿಗೆಲ್ಲ ಅನ್ನವೂ ಇತ್ತು. ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂಬ ಹೆಸರು ಇಟ್ಟವರಿಗೆ ಇದು ಗೊತ್ತಿತ್ತೋ ಏನೋ, ಹೆಸರಂತೂ ಸರಿಯಾಗಿಯೇ ಬಿತ್ತು.

ಶಾಸನಗಳಲ್ಲಿ ನನಗೆ ಬಹಳ ಹಿಡಿಸುವುದು ಕೊನೆಯ ಸಾಲುಗಳು. ದಾನ ಕೊಟ್ಟವರ ಪುಣ್ಯ ಎರಡು ಮಾತಿನಲ್ಲಿ ಮುಗಿಯುತ್ತದೆ. ದಾನ ಕೆಡಿಸಿದವರಿಗೆ ಹಾಕುವ ಶಾಪ ಮಾತ್ರ ವಿಸ್ತಾರವಾಗಿ, ರುಚಿಕಟ್ಟಾಗಿ ಇರುತ್ತದೆ. ಶಾಲೆಯ ಜಾಗಕ್ಕೆ ಇಂಥದೊಂದು ಕಲ್ಲು ನೆಡಬೇಕು. ಸರ್ವೆಯವರ ಕಲ್ಲನ್ನು ರಾತ್ರೋರಾತ್ರಿ ಎರಡು ಗೇಣು ಸರಿಸುವವರು ಶಾಪದ ಕಲ್ಲಿಗೆ ಕೈ ಹಚ್ಚಲು ಕೊಂಚ ಯೋಚನೆ ಮಾಡಿಯಾರು. ಈಗಿನ ದಾನಶಾಸನಗಳೋ, ಫ್ಯಾನಿನ ರೆಕ್ಕೆಯ ಮೇಲಿವೆ. ಫ್ಯಾನು ತಿರುಗುವಾಗ ದಾನಿಯ ಹೆಸರು ಕಾಣುವುದಿಲ್ಲ, ಕರೆಂಟು ಹೋದಾಗ ಸ್ಪಷ್ಟವಾಗಿ ಕಾಣುತ್ತದೆ. ಬೆವರು ಒರೆಸಿಕೊಳ್ಳುತ್ತ ಮಕ್ಕಳು ಆ ಹೆಸರನ್ನು ಓದಿಕೊಳ್ಳುತ್ತಾರೆ. ನಮ್ಮ ಕಡೆ ದಾನಿಗಳು ಬೆಳಗುವುದು ಕತ್ತಲಲ್ಲಿ.

ನಗುವ ಮಾತು ಹಾಗಿರಲಿ, ಕೊಡುವ ಕೈಗೆ ಈ ನಾಡಿನಲ್ಲಿ ಎಂದೂ ಬರವಿಲ್ಲ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಕಿತ್ತಳೆ ಮಾರಿದ ಹರೇಕಳ ಹಾಜಬ್ಬರು ತಮ್ಮೂರು ನ್ಯೂಪಡ್ಪಿನಲ್ಲಿ ಶಾಲೆ ಎಬ್ಬಿಸಿದ ಕತೆ ಯಾರಿಗೆ ಗೊತ್ತಿಲ್ಲ? 2020ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮನವರು ತಮಗಿದ್ದ ಎರಡು ಎಕರೆ ಜಮೀನನ್ನು ಶಾಲೆಗೆ ಬರೆದುಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. ಜಮೀನಿನ ಒಡತಿ ತನ್ನ ನೆಲದಲ್ಲಿಯೇ ಸೌಟು ಹಿಡಿದು ನಿಂತದ್ದು. ಇಂಥವರ ಮುಂದೆ ನಾವು ಮಾತು ನಿಲ್ಲಿಸಿ ಕೈ ಮುಗಿಯಬೇಕು. ನನ್ನ ತಕರಾರು ಕೊಡುವವರ ಮೇಲಲ್ಲ, ಕೇಳುವವರ ಮೇಲೆ. ಜಾಗ ಕೇಳುತ್ತಾರೆ, ಕಲ್ಲು ಮಣ್ಣು ಕೇಳುತ್ತಾರೆ, ಶ್ರಮದಾನ ಕೇಳುತ್ತಾರೆ, ಫ್ಯಾನು ಕೇಳುತ್ತಾರೆ. "ಕಿಟಕಿ ಎಲ್ಲಿಡೋಣ?" ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕಿಟಕಿ ಸಣ್ಣ ವಿಷಯ ಎಂದುಕೊಂಡಿರಾದರೆ ಒಂದು ಏಪ್ರಿಲ್ ಮಧ್ಯಾಹ್ನ ಜಗಳೂರಿನ ಕಡೆಯ ಯಾವುದಾದರೂ ಆರ್‌ಸಿಸಿ ಕೊಠಡಿಯಲ್ಲಿ ಮೂರು ಗಂಟೆಗೆ ಕೂತು ನೋಡಿ. ಚಾವಣಿ ಎನ್ನುವುದು ರೊಟ್ಟಿ ಹೆಂಚು, ನೀವು ರೊಟ್ಟಿ. ಆ ಸೀಮೆಯ ಹಳಬರು ಮೂಢರಲ್ಲ. ಮೊಳದಗಲದ ಮಣ್ಣಿನ ಗೋಡೆ, ತೊಲೆ, ಜಂತೆ, ಮೇಲೆ ಕರಲು ಮಣ್ಣು ಹಾಕಿ ದಮ್ಮಸು ಮಾಡಿದ ಮಾಳಿಗೆ, ನಡುವೆ ಬೆಳಕಿಂಡಿ. ಒಳಗೆ ಹೋದರೆ ಮಡಕೆಯೊಳಗೆ ಇಳಿದ ಹಾಗೆ ತಂಪು. ಚನ್ನಗಿರಿ ಕಡೆ ಬನ್ನಿ, ಸೂಳೆಕೆರೆ ದಾಟಿ ಅಡಿಕೆ ತೋಟಗಳ ನಡುವೆ. ಅಲ್ಲಿ ಮಳೆ ನೆಟ್ಟಗೆ ಸುರಿಯುವುದಿಲ್ಲ, ಪಡುವಣ ಗಾಳಿಯ ಜೊತೆ ಓರೆಯಾಗಿ ಬಂದು ಬಡಿಯುತ್ತದೆ. ಅದಕ್ಕೇ ಇಳಿಜಾರು ಹೆಂಚು, ಮುಂದೆ ಅಗಲವಾದ ಜಗಲಿ. ಇನ್ನು ಹೊನ್ನಾಳಿಯ ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುತ್ತದೆ. ಬುನಾದಿ ಗಟ್ಟಿ ನೆಲಕ್ಕೆ ಮುಟ್ಟದಿದ್ದರೆ ಎರಡನೇ ವರ್ಷವೇ ಗೋಡೆಯ ಮೇಲೆ ತುಂಗಭದ್ರೆಯ ನಕಾಶೆ ಮೂಡುತ್ತದೆ, ಉಪನದಿಗಳ ಸಮೇತ. ಓರೆ ಮಳೆಗೂ ಉರಿಬಿಸಿಲಿಗೂ ಉಬ್ಬುವ ನೆಲಕ್ಕೂ ಕಚೇರಿಯಿಂದ ಇಳಿದು ಬರುವುದು ಒಂದೇ 'ಟೈಪ್ ಪ್ಲಾನ್'. ನಾಲ್ಕು ಜನ ಅಣ್ಣತಮ್ಮಂದಿರಿಗೆ ಒಬ್ಬನ ಅಳತೆಯಲ್ಲಿ ಅಂಗಿ ಹೊಲಿಸಿದ ಹಾಗೆ. ಹಬ್ಬದ ದಿನ ಸಾಲಾಗಿ ನಿಲ್ಲಿಸಿದರೆ ಚಂದವೇ. ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಗೊತ್ತಾಗುತ್ತದೆ ಯಾರ ಕಂಕುಳು ಹರಿಯಿತೆಂದು.

ಸರ್ಕಾರಕ್ಕೆ ಈ ಬುದ್ಧಿ ಹೊಳೆದೇ ಇಲ್ಲ ಎನ್ನುವ ಹಾಗಿಲ್ಲ. 1987ರಲ್ಲಿ 'ಕಪ್ಪು ಹಲಗೆ ಕಾರ್ಯಾಚರಣೆ' ಬಂತು. ಹೆಸರು ಕೇಳಿದರೆ ದಂಡು ಬಂದ ಹಾಗಿತ್ತು, ಉದ್ದೇಶ ಪಾಪ, ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ, ಎರಡು ಮೇಷ್ಟ್ರು. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಶುರುವಾದಾಗ ಅದರ ನಿಯಮಾವಳಿಯಲ್ಲಿ ಒಂದು ಅಪರೂಪದ ಮಾತಿತ್ತು: ಶಾಲೆಯ ಕಾಮಗಾರಿ ಊರಿನ ಸಮಿತಿಯೇ ಮಾಡಿಸಬೇಕು, ಗುತ್ತಿಗೆದಾರ ಕೂಡದು. ಅದೇ ವರ್ಷ ನಮ್ಮ ರಾಜ್ಯದಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ಎಸ್‌ಡಿಎಂಸಿಗಳೂ ಹುಟ್ಟಿದ್ದವು. ಎಸ್‌ಡಿಎಂಸಿಯ ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಒಂದೇ ಉಸಿರಿನಲ್ಲಿ ಹೇಳುವವರನ್ನು ಅಧ್ಯಕ್ಷರಾಗಿ ಆರಿಸಬೇಕು ಎಂದು ನಮ್ಮೂರಲ್ಲಿ ಯಾರೋ ಸಲಹೆ ಕೊಟ್ಟಿದ್ದರು. ಗುತ್ತಿಗೆದಾರ ಬಾಗಿಲಿನಿಂದ ಹೊರಗೆ ಹೋಗಿ ಕಿಟಕಿಯಿಂದ ಒಳಗೆ ಬಂದ ಊರುಗಳೂ ಇದ್ದವು. ಸಮಿತಿಯ ಹೆಸರಿನಲ್ಲಿ ಚೆಕ್ಕು, ಭಾವಮೈದನ ಹೆಸರಿನಲ್ಲಿ ಜಲ್ಲಿ. ನಮ್ಮೂರಿಗೆ ಆ ಕಾಲದಲ್ಲಿ ಎರಡು ಕೊಠಡಿ, ಜೊತೆಗೆ ಅಡುಗೆಕೋಣೆ, ಶೌಚಾಲಯ ಮಂಜೂರಾದವು. ಆಗ ನಡೆದದ್ದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮನೆಯವರು ಎದ್ದು ಹೋಗುತ್ತಾರೆ, ನೀವು ಕೂತಿರಿ.

ಎಂಜಿನಿಯರ್ ಬಂದು ಶಾಲೆಯ ಮೇಜಿನ ಮೇಲೆ ನಕ್ಷೆ ಹಾಸಿದರು. ನಾಲ್ಕು ಮೂಲೆಗೆ ನಾಲ್ಕು ಡಸ್ಟರ್ ಇಟ್ಟರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ "ಚೆನ್ನಾಗೈತಿ ಸಾ" ಎಂದರು. ಎಲ್ಲರೂ ಹೌದೆಂದರು. ಮಂಡಕ್ಕಿ ಮಿರ್ಚಿ ಬಂತು. ಆ ಕಾಗದದಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. ಗೆರೆ ಓದಲು ಬರುತ್ತಿದ್ದದ್ದು ಮೇಸ್ತ್ರಿ ಒಬ್ಬನಿಗೆ, ಅವನನ್ನು ಯಾರೂ ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಬುನಾದಿ ತೋಡಲೆಂದು ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮಾರ್ಕಿಂಗ್ ಹಾಕಿದ.

ಆಗ ಶುರುವಾಯಿತು ನೋಡಿ. ನೀರಿಗೆ ಹೊರಟ ಹೆಂಗಸರು ಕೊಡ ಕೆಳಗಿಟ್ಟು ನಿಂತರು. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕಣ್ಣುಗಳಿಗೆ ನೆಲದ ಮೇಲಿನ ಬಿಳಿಗೆರೆ ಅರ್ಥವಾಗದೆ ಇರುತ್ತದೆಯೇ? ಬಿಸಿಯೂಟದ ಅಡುಗೆಗೆಂದು ಆಗಷ್ಟೇ ಸೇರಿದ್ದ ಅಕ್ಕ ಗೆರೆಯ ಒಳಗೆ ನಡೆದಳು. ಒಲೆಯ ಮುಂದೆ ನಿಂತ ಹಾಗೆ ನಿಂತಳು, ನೀರಿನ ತೊಟ್ಟಿಯ ಕಡೆ ತಿರುಗಿದಳು, ಹೆಜ್ಜೆ ಎಣಿಸಿದಳು.

"ಅಣ್ಣಾ, ಒಲಿ ಇಲ್ಲಿ, ನೀರು ಅಲ್ಲಿ. ಇನ್ನೂರು ಮಕ್ಕಳ ಅನ್ನದ ಗಂಜಿ ಬಸ್ಯಾಕೆ ನಾನು ಎಲ್ಲಿಗೆ ಹೋಗ್ಲಿ? ಮಕ್ಕಳು ಓಡಾಡೋ ದಾರೀಗಾ?"

ಮೇಸ್ತ್ರಿ ತಲೆ ಕೆರೆದುಕೊಂಡ. ಕಾಲಿನಿಂದ ಗೆರೆ ಅಳಿಸಿ ಅಡುಗೆಕೋಣೆಯ ಬಾಗಿಲನ್ನು ಹಿಂದಕ್ಕೆ ತಿರುಗಿಸಿದ. ಆ ಬದಲಾವಣೆಗೆ ಖರ್ಚಾದದ್ದು ಒಂದು ಹಿಡಿ ಸುಣ್ಣ. ಅದೇ ಗೋಡೆ ಎದ್ದ ಮೇಲೆ ಆಗಿದ್ದರೆ ಕಂಬಿ, ಸಿಮೆಂಟು, ಎಸ್ಟಿಮೇಟು, ಕಡತ, ಮತ್ತೆ ಮಂಡಕ್ಕಿ ಮಿರ್ಚಿ.

ಕುರಿ ಕಾಯುವ ಅಜ್ಜ ಒಬ್ಬ ಕೋಲೂರಿಕೊಂಡು ಬಂದ. "ಆಷಾಢದ ಗಾಳಿ ಈ ಕಡಿಯಿಂದ ಬೀಸ್ತೈತೆ. ಒಲಿ ಅಲ್ಲಿಟ್ರೆ ಹೊಗಿಯೆಲ್ಲಾ ಮಕ್ಕಳ ಕಣ್ಣಿಗೆ" ಎಂದ. ಅಷ್ಟರಲ್ಲಿ ವಾಸ್ತು ಬಲ್ಲವರೊಬ್ಬರು ಬಂದು ಒಲೆ ಆಗ್ನೇಯಕ್ಕೇ ಬರಬೇಕು ಎಂದರು. ಅಜ್ಜನ ಗಾಳಿಯೂ ಅವರ ವಾಸ್ತುವೂ ಬೆರಳು ತೋರಿಸಿದ್ದು ಒಂದೇ ಮೂಲೆಗೆ. ಇಬ್ಬರೂ ತಮ್ಮ ಮಾತೇ ನಡೆಯಿತೆಂದು ಸಂತೋಷವಾಗಿ ಹೋದರು. ಐದನೇ ಕ್ಲಾಸಿನ ಒಬ್ಬ ಹುಡುಗಿ ಮೇಡಂ ಕಿವಿಯಲ್ಲಿ ಏನೋ ಹೇಳಿದಳು. ಮೇಡಂ ಮೇಸ್ತ್ರಿಗೆ ಹೇಳಿದರು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ರಸ್ತೆಗೆ ಮುಖ ಮಾಡಿತ್ತು. ಬಸ್ಸಿಗೆ ಕಾಯುವವರೆಲ್ಲ ಅಲ್ಲಿಯೇ ನಿಲ್ಲುತ್ತಿದ್ದರು. ಅದನ್ನೂ ತಿರುಗಿಸಿದರು. ಎಂಜಿನಿಯರ್ ಓದಿದ ಪುಸ್ತಕದಲ್ಲಿ ಬಸ್ಸಿಗೆ ಕಾಯುವ ಗಂಡಸರ ಅಧ್ಯಾಯ ಇರಲಿಲ್ಲ, ಅದು ಅವರ ತಪ್ಪಲ್ಲ. ಸಂಜೆ ಅವರು ಬಂದಾಗ ಎಲ್ಲ ಗೆರೆಗಳೂ ಕದಲಿದ್ದವು. ರೇಗುತ್ತಾರೆ ಎಂದು ನಾವು ಕಾದರೆ, ಅವರು ಜೇಬಿನಿಂದ ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ತಿದ್ದಿಕೊಂಡರು. ದೊಡ್ಡ ಮನುಷ್ಯ.

ಹಾಗೆಂದು ಊರಿನವರು ಹೇಳುವುದೆಲ್ಲ ವೇದವಾಕ್ಯ ಎಂದಲ್ಲ. ಊರಿಗೆ ಮೊದಲು ಬೇಕಾದದ್ದು ಕಮಾನು. ಕೋಣೆ ಸೋರಿದರೂ ಅಡ್ಡಿಯಿಲ್ಲ, ಮುಂದೆ ಕಮಾನು ಇರಬೇಕು, ಅದರ ಮೇಲೆ ಎರಡು ಆನೆ. ಆಮೇಲೆ ಅಂಗಳಕ್ಕೆ ಕಾಂಕ್ರೀಟು. ಮಕ್ಕಳ ಆಟಕ್ಕೆಂದು ತಿಳಿದಿರಾ? ಮೆಕ್ಕೆಜೋಳ ಒಣಗಿಸಲು. ದಾವಣಗೆರೆ ಜಿಲ್ಲೆಯಲ್ಲಿ ಸುಗ್ಗಿಯ ಕಾಲಕ್ಕೆ ಮೆಕ್ಕೆಜೋಳ ಕಾಣದ ರಸ್ತೆಯೇ ಇಲ್ಲ. ಶಾಲೆಯ ಅಂಗಳ ಬಿಡುತ್ತಾರೆಯೇ? ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಶಾಲೆ ಎನ್ನುವುದು ಊರಿಗೆ ಹತ್ತರಿಂದ ನಾಲ್ಕರವರೆಗೆ ಮಾತ್ರ ಶಾಲೆ. ಆಮೇಲೆ ಮದುವೆಯ ಬೀಗರಿಗೆ ಬಿಡದಿ, ಚುನಾವಣೆಗೆ ಮತಗಟ್ಟೆ, ಹೊಳೆ ಬಂದರೆ ಗಂಜಿಕೇಂದ್ರ. ಹೇಗೂ ಹೀಗೆಯೇ ಬಳಸುವುದಾದರೆ ಅದನ್ನೂ ನಕ್ಷೆಯಲ್ಲಿ ಬರೆದುಕೊಂಡರೆ ಏನು ಕಳೆದುಹೋಗುತ್ತದೆ? ಪಕ್ಕದಲ್ಲಿ ಬೇರೆಯಾಗಿ ಒಂದು ಕಣ, ಅದಕ್ಕೊಂದು ಬೇರೆ ದಾರಿ. ಮಕ್ಕಳ ಆಟದ ಬಯಲು ಮಕ್ಕಳಿಗೇ.

ಗೇಟಿನ ಜಗಳ ಮಾತ್ರ ನಗುವಂಥದ್ದಾಗಿರಲಿಲ್ಲ. ಗೇಟು ಊರ ಮುಂದಿನ ದೊಡ್ಡ ಬೀದಿಗೆ ಬರಬೇಕು ಎಂದರು ದೊಡ್ಡ ಬೀದಿಯವರು. ಹಾಗೆ ಮಾಡಿದರೆ ಹಿಂದಿನ ಕೇರಿಯ ಮಕ್ಕಳು, ಅದರಾಚೆಯ ತಾಂಡಾದ ಮಕ್ಕಳು ಊರು ಸುತ್ತಿ, ದೊಡ್ಡ ಬೀದಿಯ ಎಲ್ಲರ ಕಣ್ಣು ದಾಟಿ ಬರಬೇಕಿತ್ತು. ಸಭೆಯಲ್ಲಿ ಈ ಮಾತು ಯಾರೂ ಆಡಲಿಲ್ಲ. ಆಡಬೇಕಾದವರು ಸಭೆಯಲ್ಲೇ ಇರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋದವರು ಹೇಗೆ ಬರುತ್ತಾರೆ? ತಾಂಡಾದಲ್ಲಿ ಅರ್ಧ ಮನೆಗಳವರು ಆಗ ಕಾಫಿ ಸೀಮೆಗೆ ಗುಳೆ ಹೋಗಿದ್ದರು. ನ್ಯಾಮತಿ ತಾಲ್ಲೂಕೆಂದರೆ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ತಾಲ್ಲೂಕು. ಅಂಥ ನೆಲದಲ್ಲಿ ತಾಂಡಾದ ಒಬ್ಬ ತಾಯಿಯೂ ಇಲ್ಲದೆ ಶಾಲೆಯ ಸಭೆ ಮುಗಿದು, 'ಸಮುದಾಯದ ಒಪ್ಪಿಗೆ ಪಡೆಯಲಾಯಿತು' ಎಂದು ನಡಾವಳಿ ಪುಸ್ತಕದಲ್ಲಿ ಬರೆದೆವು. ಬರೆದ ಕೈ ನನ್ನದೇ. ಗೇಟು ದೊಡ್ಡ ಬೀದಿಗೇ ಬಂತು. ಹಿಂದಿನ ಕೇರಿಯ ಮಕ್ಕಳು ಅರ್ಜಿ ಬರೆಯಲಿಲ್ಲ, ಬೇಲಿಯಲ್ಲಿ ತಾವೇ ಒಂದು ಕಿಂಡಿ ಮಾಡಿಕೊಂಡರು. ಮುಚ್ಚಿದಷ್ಟೂ ಸಲ ಮಾಡಿಕೊಂಡರು. ಆಮೇಲೆ ಉದ್ಯೋಗ ಖಾತ್ರಿಯಲ್ಲಿ ಕಾಂಪೌಂಡು ಕಟ್ಟಿಸುವಾಗ ಹೆಡ್ ಮೇಷ್ಟ್ರು ಅದೇ ಕಿಂಡಿ ಇದ್ದಲ್ಲಿ ಒಂದು ಚಿಕ್ಕ ಗೇಟು ಬಿಡಿಸಿದರು. ಆ ಕಾಂಪೌಂಡಿನಲ್ಲಿ ಊರು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ, ಅದೂ ಮಕ್ಕಳು ತೋರಿಸಿಕೊಟ್ಟದ್ದು.

ಸಮುದಾಯ ಎಂದಾಗ ನನಗೆ ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿ ನೆನಪಾಗುತ್ತದೆ. ದೂರದ ಆಫ್ರಿಕಾ, ಆದರೆ ವರ್ಣನೆ ಕೇಳಿದರೆ ಜಗಳೂರಿನ ಪಕ್ಕದ ಹಳ್ಳಿ ಎನ್ನಬೇಕು. ಕೆಂಪು ನೆಲ, ಉರಿಬಿಸಿಲು. ಊರಿನಲ್ಲಿ ಶಾಲೆ ಇಲ್ಲದ್ದರಿಂದ ಮುಖಂಡರ ಮಗ ಫ್ರಾನ್ಸಿಸ್ ಕೆರೆ ಚಿಕ್ಕಂದಿನಲ್ಲಿಯೇ ಪರ ಊರಿಗೆ ಓದಲು ಹೋದ. (ಹೆಸರೇ ಕೆರೆ! ನಮ್ಮವನೇ ಅನ್ನಿಸುವುದಿಲ್ಲವೇ?) ಬರ್ಲಿನ್ನಿನಲ್ಲಿ ವಾಸ್ತುಶಿಲ್ಪ ಕಲಿಯುತ್ತಿರುವಾಗಲೇ ಹಣ ಕೂಡಿಸಿ ತನ್ನೂರಿಗೆ ಶಾಲೆ ಕಟ್ಟಲು ಬಂದ. ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟುತ್ತೇನೆ ಎಂದಾಗ ಊರಿನವರು ಮುಖ ಸಿಂಡರಿಸಿದರಂತೆ. ವಿಲಾಯತಿಯಲ್ಲಿ ಓದಿ ಬಂದವನು ಮಣ್ಣಿನ ಮಾತಾಡುತ್ತಾನಲ್ಲ ಎಂದು. ಮಕ್ಕಳು ಬುನಾದಿಗೆ ಕಲ್ಲು ಹೊತ್ತರು, ಹೆಂಗಸರು ನೆಲ ದಮ್ಮಸು ಮಾಡಿದರು. ಇಟ್ಟಿಗೆಯ ಚಾವಣಿಯ ಮೇಲೆ ಅಂತರ ಬಿಟ್ಟು ತಗಡಿನ ಮಾಡನ್ನು ಎತ್ತರಿಸಿ ನಿಲ್ಲಿಸಿದ; ನಡುವೆ ಗಾಳಿಯಾಡಿ ತರಗತಿ ತಣ್ಣಗಾಯಿತು. 2001ರಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿ ಹುಟ್ಟಿದ ವರ್ಷವೇ, ಶಾಲೆ ಎದ್ದು ನಿಂತಿತು. 2022ರಲ್ಲಿ ಅವನಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮಲ್ಲಿ ಈ ವಿದ್ಯೆಗೆ ಬರವೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿಯೇ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿ, ಮಣ್ಣಿಗೆ ಕೊಂಚ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯನ್ನು ತೋರಿಸಿಕೊಟ್ಟಿತ್ತು. ಆ ಇಟ್ಟಿಗೆಯಲ್ಲಿ ಬೆಂಗಳೂರಿನ ಶ್ರೀಮಂತರು ತಂಪಾದ ಮನೆ ಕಟ್ಟಿಸಿಕೊಂಡರು. ಮಣ್ಣಿನ ಮನೆಯಲ್ಲಿ ಹುಟ್ಟಿದ ನಾವು ಅದನ್ನು ಬಡತನ ಎಂದೆವು.

ಅಧಿಕಾರಿಗಳ ಬಾಯಲ್ಲಿ 'ಬಾಲ' ಎಂಬ ಮಾತು ಕೇಳಿ ನಾನು ಒಮ್ಮೆ ಬೆಪ್ಪಾಗಿದ್ದೆ. "ನಿಮ್ಮ ಶಾಲೆಗೆ ಬಾಲ ಆಗಿದೆಯಾ?" ಎಂದರು. ಶಾಲೆಗೆ ಯಾಕೆ ಸ್ವಾಮಿ ಬಾಲ ಎನ್ನಬೇಕೆಂದಿದ್ದೆ. ಆಮೇಲೆ ತಿಳಿಯಿತು, ಕಟ್ಟಡವನ್ನೇ ಕಲಿಕೆಯ ಉಪಕರಣ ಮಾಡುವ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಕಬೀರ್ ವಾಜಪೇಯಿ ಎಂಬ ವಾಸ್ತುಶಿಲ್ಪಿಯ ಬಳಗ ರೂಪಿಸಿದ್ದು. ಬಾಗಿಲು ತೆರೆದಷ್ಟೂ ಕೋನ ಗೊತ್ತಾಗುವಂತೆ ನೆಲದ ಮೇಲೆ ಕೋನಮಾಪಕ ಬರೆಯುವುದು, ಕಿಟಕಿಯ ಸರಳುಗಳಲ್ಲಿಯೇ ಬೆರಳಾಡಿಸಿ ಅಕ್ಷರದ ತಿರುವು ಕಲಿಯುವುದು. ಬಹಳ ಚೆಂದದ ವಿಚಾರ. ಆದರೆ ಹಲವು ಕಡೆ ಅದು ಗೋಡೆಗೆ ಜಿರಾಫೆ ಬರೆಸುವುದರಲ್ಲಿ ಮುಗಿಯಿತು. ಮತ್ತೆ ನಮ್ಮ ಪೇಂಟರೇ ಗೆದ್ದ. ಇಳಿಜಾರಿನ ರ‍್ಯಾಂಪುಗಳ ಕತೆಯೂ ಹೀಗೆಯೇ. ಗಾಲಿಕುರ್ಚಿಯ ಮಗುವಿಗೆಂದು ಕಟ್ಟಿದ್ದು, ಕಡಿದಾಗಿ ಕಟ್ಟಿದ್ದರಿಂದ ಉಳಿದ ಮಕ್ಕಳಿಗೆ ಜಾರುಬಂಡೆಯಾಯಿತು. ಗಾಲಿಕುರ್ಚಿಯಲ್ಲಿ ಬರುವ ಒಂದು ಮಗುವನ್ನು ಕರೆದು, "ಹತ್ತಿ ತೋರಿಸು ಮಗಾ" ಎಂದಿದ್ದರೆ ಅಳತೆ ಅದೇ ಹೇಳುತ್ತಿತ್ತು.

ಈಚೆಗೆ ನಮ್ಮ ಶಾಲೆಗೆ ಇನ್ನೂ ಒಂದು ಕೊಠಡಿ ಬಂತು. ಈ ಸಲ ಸುಣ್ಣದ ಗೆರೆಯ ಹಂತಕ್ಕೆ ಯಾರನ್ನೂ ಕರೆಯಲಿಲ್ಲ. ಒಂದು ದಿನ ಲಾರಿ ಬಂತು, ಇನ್ನೊಂದು ದಿನ ಗುದ್ದಲಿ ಪೂಜೆ, ಶಾಮಿಯಾನ, ಹಾರ. ಆರು ತಿಂಗಳಿಗೆ ಕೊಠಡಿ. ಕೆಲಸ ಕಳಪೆಯೇನಲ್ಲ, ಸುಳ್ಳು ಹೇಳಬಾರದು. ಆದರೆ ಎರಡು ದೊಡ್ಡ ಕಿಟಕಿಗಳೂ ಪಡುವಣಕ್ಕೆ. ಮಧ್ಯಾಹ್ನ ಎರಡರ ಮೇಲೆ ಬಿಸಿಲು ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತದೆ, ಮಕ್ಕಳು ಎದ್ದು ಗೋಡೆ ಸೇರುತ್ತಾರೆ. ಕರಿಹಲಗೆಯ ಮೇಲೆ ಬೆಳಕು ಹೊಳೆದು ಅರ್ಧ ಲೆಕ್ಕ ಕಾಣುವುದಿಲ್ಲ. ಕೈತೊಳೆಯುವ ನಲ್ಲಿಗಳು ಒಂದನೇ ಕ್ಲಾಸಿನವರ ತಲೆಯ ಎತ್ತರದಲ್ಲಿವೆ. ಕೈ ತೊಳೆಯಲು ಹೋದವರು ಸ್ನಾನ ಮಾಡಿ ಬರುತ್ತಾರೆ. ಅಡುಗೆಯ ಅಕ್ಕ ಈಗ ಅಜ್ಜಿಯಾಗಿದ್ದಾಳೆ. ಹೊಸ ಕೊಠಡಿಯನ್ನು ಒಂದು ಸುತ್ತು ನೋಡಿ ಬಂದು, "ಯಾಕಪ್ಪಾ, ಈ ಸಲ ಸುಣ್ಣ ಸಿಗ್ಲಿಲ್ವಾ?" ಎಂದಳು.

ಸುಣ್ಣ ಸಿಗುತ್ತದೆ. ಕಾನೂನೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. 22ನೆಯ ಕಲಮು ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ತಯಾರಿಸಬೇಕು ಎನ್ನುತ್ತದೆ. ಸಹಿ ಹಾಕಬೇಕು ಎಂದಲ್ಲ, ತಯಾರಿಸಬೇಕು ಎಂದು. ಎಷ್ಟು ಕೋಣೆ ಬೇಕು ಎಂದು ಹೇಳುವ ಹಕ್ಕಿರುವವರಿಗೆ ಅದರ ಕಿಟಕಿ ಯಾವ ಕಡೆಗಿರಲಿ ಎಂದು ಹೇಳುವ ಬಾಯಿ ಇಲ್ಲವೇ?

ಅಂದಹಾಗೆ, ಹೊಸ ಕಟ್ಟಡದಲ್ಲಿ ಕಂಬಿ ತೂಗುಹಾಕಲು ಕೊಂಡಿ ಇಟ್ಟಿಲ್ಲ. ಬೇವಿನ ಮರವೇ ಗತಿ. ನಿಮ್ಮೂರಿನ ಶಾಲೆಗೂ ಕೊಠಡಿ ಮಂಜೂರಾಗಿದ್ದರೆ ದಯವಿಟ್ಟು ಈ ವಾರವೇ ಹೋಗಿ ನಕ್ಷೆ ಕೇಳಿ. ಕಾಗದ ಅರ್ಥವಾಗದಿದ್ದರೆ ನಾಚಿಕೆ ಬೇಡ, ಮೇಸ್ತ್ರಿಗೆ ಹೇಳಿ ನೆಲದ ಮೇಲೆ ಗೆರೆ ಹಾಕಿಸಿ. ಕೂಲಿಗೆ ಹೋದವರು ಬರುವ ಹೊತ್ತಿಗೆ, ಸಂಜೆ ಆರರ ಮೇಲೆ ಸಭೆ ಕರೆಯಿರಿ. ಅಡುಗೆಯ ಅಕ್ಕನನ್ನು, ಹಿಂದಿನ ಕೇರಿಯವರನ್ನು, ಐದನೇ ಕ್ಲಾಸಿನ ಹುಡುಗಿಯರನ್ನು ಮುಂದೆ ಕೂರಿಸಿ. ಇದೆಲ್ಲ ಗುದ್ದಲಿ ಪೂಜೆಗೆ ಮುಂಚೆಯೇ ಆಗಬೇಕು. ಕಾಯಿ ಒಡೆದ ಮೇಲೆ ಹೋದರೆ ನಿಮಗೆ ಸಿಗುವುದು ಒಂದು ಕಾಯಿಚೂರು, ಒಂದು ಚಿಟಿಕೆ ಸಕ್ಕರೆ.